ಮುದ್ರೆ ಬಿದ್ದ ತೂಕ: ವ್ಯಾಪಾರದ ಅಳತೆ ಸಾಧನಗಳ ಪರೀಕ್ಷೆ ಮತ್ತು ದುರಸ್ತಿಯ ಚರಿತ್ರೆ

ಕಿರಾಣಿ ಅಂಗಡಿಯ ಕಬ್ಬಿಣದ ತೂಕದ ಕಲ್ಲನ್ನು ಬೋರಲು ಹಾಕಿ ನೋಡಿದರೆ ಅದರ ತಳದಲ್ಲಿ ಒಂದು ಕುಳಿ ಕಾಣುತ್ತದೆ. ಒಳಗೆ ಅಗಲ, ಬಾಯಿಯಲ್ಲಿ ಕಿರಿದು. ಅದಕ್ಕೆ ಸೀಸ ತುಂಬಿ ಬಡಿದಿರುತ್ತಾರೆ. ಸೀಸದ ಮೇಲೆ ಇಲಾಖೆಯ ಮುದ್ರೆಗಳು ಒಂದರ ಪಕ್ಕ ಒಂದು ಬಿದ್ದಿರುತ್ತವೆ. ಎರಕದ ಕಬ್ಬಿಣವನ್ನು ಕರಾರುವಾಕ್ಕಾಗಿ ಒಂದು ಕಿಲೋ ತೂಗುವಂತೆ ಎರೆಯಲು ಬರುವುದಿಲ್ಲ. ಹಾಗಾಗಿ ಸ್ವಲ್ಪ ಕಡಿಮೆ ತೂಕಕ್ಕೆ ಎರೆದು, ಕೊರತೆಯನ್ನು ಸೀಸದಿಂದ ತುಂಬುತ್ತಾರೆ. ವರ್ಷಗಟ್ಟಲೆ ಕೈ ತಾಗಿ, ನೆಲಕ್ಕೆ ಬಿದ್ದು, ತುಕ್ಕು ಹಿಡಿದು ಕಲ್ಲು ಸವೆದಾಗ ಅದೇ ಕುಳಿಯನ್ನು ಬಿಚ್ಚಿ ಇನ್ನಷ್ಟು ಸೀಸ ಸೇರಿಸುತ್ತಾರೆ. ತಯಾರಕ, ದುರಸ್ತಿಗಾರ, ನಿರೀಕ್ಷಕ ಈ ಮೂವರ ಕೆಲಸವೂ ಹೆಬ್ಬೆರಳಷ್ಟು ಅಗಲದ ಆ ಕುಳಿಯಲ್ಲಿ ಕೂಡುತ್ತದೆ.

ನಮ್ಮಲ್ಲಿ ಅಳತೆ ತೂಕಗಳ ಚರಿತ್ರೆ ಬರೆದವರು ಬಹುಮಟ್ಟಿಗೆ ಮಾನಗಳ ಚರಿತ್ರೆ ಬರೆದಿದ್ದಾರೆ. ಖಂಡುಗಕ್ಕೆ ಎಷ್ಟು ಕೊಳಗ, ಮಣಕ್ಕೆ ಎಷ್ಟು ಸೇರು ಎಂಬ ಕೋಷ್ಟಕಗಳು ಬೇಕಾದಷ್ಟಿವೆ. ಆದರೆ ಒಂದು ಊರಿನ ಸಂತೆಯಲ್ಲಿ ಅಳತೆ ನಂಬಿಕೆಗೆ ಅರ್ಹವಾಗಿತ್ತೇ ಎಂಬ ಪ್ರಶ್ನೆಗೆ ಕೋಷ್ಟಕಗಳು ಉತ್ತರ ಕೊಡಲಾರವು. ಸಾಧನವನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಯಾವುದಕ್ಕೆ ಹೋಲಿಸಿ ನೋಡುತ್ತಿದ್ದರು. ಕೆಟ್ಟಿದ್ದನ್ನು ಯಾರು ಸರಿಪಡಿಸುತ್ತಿದ್ದರು. ಸರಿಪಡಿಸಿದ ಮೇಲೆ ಯಾರು ಒಪ್ಪುತ್ತಿದ್ದರು ಎಂದು ಕೇಳಿದರೆ ಮಾತ್ರ ಅದು ತಿಳಿಯುತ್ತದೆ. ಈ ದೃಷ್ಟಿಯಿಂದ ನೋಡಿದಾಗ, ಭಾರತದಲ್ಲಿ ಅಳತೆಯ ಕಾನೂನುಗಳು ಸೋತದ್ದೂ ಗೆದ್ದದ್ದೂ ಮಾನದ ಆಯ್ಕೆಯಿಂದ ಆಗಿರಲಿಲ್ಲ, ಮರುಪರೀಕ್ಷೆ ಮತ್ತು ದುರಸ್ತಿಯ ವ್ಯವಸ್ಥೆ ಇದ್ದದ್ದರಿಂದ ಅಥವಾ ಇಲ್ಲದ್ದರಿಂದ ಆದದ್ದು ಎಂಬುದು ನನ್ನ ವಾದ.

ಹರಪ್ಪ ಸಂಸ್ಕೃತಿಯ ಚರ್ಟ್ ಕಲ್ಲಿನ ಘನಾಕೃತಿಯ ತೂಕಗಳು 1, 2, 4, 8, 16, 32, 64 ಎಂದು ಇಮ್ಮಡಿಯಾಗುತ್ತಾ ಹೋಗುತ್ತವೆ; 16ರ ತೂಕ ಸುಮಾರು 13.7 ಗ್ರಾಂ. ನೂರಾರು ಮೈಲಿ ದೂರದ ನೆಲೆಗಳಲ್ಲಿಯೂ ಅದೇ ಶ್ರೇಣಿ ಸಿಕ್ಕಿರುವುದರಿಂದ ಹೋಲಿಸಿ ನೋಡುವ ಪದ್ಧತಿ ಇದ್ದಿರಲೇಬೇಕು. ಆ ಪದ್ಧತಿ ಬರಹದಲ್ಲಿ ಮೊದಲಿಗೆ ವಿವರವಾಗಿ ಸಿಗುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಈ ಗ್ರಂಥ ಜಗತ್ತಿಗೆ ಮತ್ತೆ ಸಿಕ್ಕಿದ್ದು ಮೈಸೂರಿನಿಂದ: ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು.

ಎರಡನೆಯ ಅಧಿಕರಣದ 19ನೇ ಅಧ್ಯಾಯ ಪೌತವಾಧ್ಯಕ್ಷ ಎಂಬ ಅಧಿಕಾರಿಯ ಕೆಲಸವನ್ನು ಹೇಳುತ್ತದೆ. ತೂಕದ ಕಲ್ಲುಗಳು ಕಬ್ಬಿಣದ್ದಾಗಿರಬೇಕು, ಇಲ್ಲವೆ ಮಗಧ ಮತ್ತು ಮೇಕಲದ ಶಿಲೆಯದ್ದಾಗಿರಬೇಕು, ಅಥವಾ ನೀರಿನಿಂದ ಹಿಗ್ಗದ, ಬಿಸಿಯಿಂದ ಕುಗ್ಗದ ವಸ್ತುವಿನದ್ದಾಗಿರಬೇಕು. ಆರು ಅಂಗುಲದಿಂದ ಆರಂಭಿಸಿ ಎಂಟೆಂಟು ಅಂಗುಲ ಹೆಚ್ಚಿಸುತ್ತಾ ಹತ್ತು ಬಗೆಯ ತಕ್ಕಡಿಗಳನ್ನು ಮಾಡಬೇಕು. ಧಾನ್ಯ ಅಳೆಯುವ ಮರದ ಪಾತ್ರೆ ಒಣಗಿದ, ಗಟ್ಟಿ ಮರದ್ದಾಗಿದ್ದು, ಬಾಯಿಯ ಮೇಲೆ ನಿಲ್ಲುವ ರಾಶಿ ಒಟ್ಟು ಅಳತೆಯ ಕಾಲುಭಾಗವಾಗುವಂತಿರಬೇಕು. ಅಥವಾ ಆ ರಾಶಿಯೂ ಪಾತ್ರೆಯೊಳಗೇ ಹಿಡಿಯುವಂತೆ ಮಾಡಿರಬೇಕು. ದ್ರವವನ್ನು ಮಾತ್ರ ಬಾಯಿಮಟ್ಟಕ್ಕೇ ಅಳೆಯಬೇಕು. ಮುದ್ರೆಯಿಲ್ಲದ ತೂಕ ಬಳಸಿದವನಿಗೆ 27¼ ಪಣ ದಂಡ. ಪರೀಕ್ಷೆಯ ಖರ್ಚಿಗೆಂದು ವ್ಯಾಪಾರಿ ದಿನಕ್ಕೊಂದು ಕಾಕಣಿ ಕೊಡಬೇಕು.

ಇದಕ್ಕಿಂತ ಬೆಲೆಯುಳ್ಳ ಮಾತು ನಾಲ್ಕನೆಯ ಅಧಿಕರಣದ ಎರಡನೆಯ ಅಧ್ಯಾಯದಲ್ಲಿದೆ. ದ್ರೋಣದಲ್ಲಿ ಅರ್ಧ ಪಲ ವ್ಯತ್ಯಾಸವಿದ್ದರೆ ತಪ್ಪಿಲ್ಲ, ಒಂದು ಪಲವಾದರೆ 12 ಪಣ ದಂಡ. ತುಲಾಮಾನದಲ್ಲಿ ಒಂದು ಕರ್ಷ ತಪ್ಪಿಲ್ಲ, ಎರಡು ಕರ್ಷಕ್ಕೆ 6 ಪಣ. ಆಢಕದಲ್ಲಿ ಅರ್ಧ ಕರ್ಷ ತಪ್ಪಿಲ್ಲ, ಒಂದು ಕರ್ಷಕ್ಕೆ 3 ಪಣ. ಓದಿದಾಗ ಇವು ಮನಸ್ಸಿಗೆ ತೋಚಿದ ಅಂಕಿಗಳಂತೆ ಕಾಣುತ್ತವೆ. ಲೆಕ್ಕ ಹಾಕಿದರೆ ಚಿತ್ರ ಬೇರೆಯಾಗುತ್ತದೆ. ದ್ರೋಣಕ್ಕೆ 200 ಪಲ, ತುಲೆಗೆ 100 ಪಲ, ದ್ರೋಣದ ನಾಲ್ಕನೆಯ ಒಂದು ಭಾಗವಾದ ಆಢಕಕ್ಕೆ 50 ಪಲ. ಒಂದು ಪಲಕ್ಕೆ ನಾಲ್ಕು ಕರ್ಷ. ಹಾಗಾದರೆ ಮೂರೂ ಕಡೆ ಕ್ಷಮಿಸಿರುವ ವ್ಯತ್ಯಾಸ ಒಂದೇ: 400ರಲ್ಲಿ ಒಂದು ಭಾಗ, ಅಂದರೆ ಶೇಕಡಾ 0.25. ದಂಡವೂ 12, 6, 3 ಎಂದು ಅಳತೆಯ ಗಾತ್ರಕ್ಕೆ ತಕ್ಕಂತೆ ಇಳಿಯುತ್ತದೆ. ಯಾವ ಸಾಧನವೂ ಸಂಪೂರ್ಣ ನಿಖರವಾಗಿರಲಾರದು, ಕೈಕೆಲಸದ ಮಿತಿಗೂ ವಂಚನೆಗೂ ನಡುವೆ ಅಂಕಿಯಲ್ಲಿ ಗೆರೆ ಎಳೆಯಬೇಕು ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಇಂದಿನ ಮಾಪನಶಾಸ್ತ್ರದ ಅನುಮತಿಸಿದ ಗರಿಷ್ಠ ದೋಷ ಎಂಬ ಕಲ್ಪನೆಯೂ ಇದೇ. ಈ ಸೂತ್ರಗಳನ್ನು ಬರೆದವನು ತಕ್ಕಡಿಯನ್ನು ಕೈಯಲ್ಲಿ ಹಿಡಿದು ನೋಡಿದವನೇ ಇರಬೇಕು ಅನ್ನಿಸುತ್ತದೆ. ಮನುಸ್ಮೃತಿಯೂ ತೂಕ ಅಳತೆಗಳಿಗೆ ಗುರುತು ಹಾಕಿಸಿ ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಬೇಕೆಂದು ರಾಜನಿಗೆ ಹೇಳುತ್ತದೆ.

ಕನ್ನಡ ನಾಡಿನ ಶಾಸನಗಳಿಗೆ ಬಂದರೆ ಖಂಡುಗ, ಕೊಳಗ, ಬಳ್ಳ, ಮಾನ, ಸೊಲಗೆಗಳ ಹೆಸರು ದತ್ತಿಗಳಲ್ಲೆಲ್ಲ ಬರುತ್ತವೆ. ಭೂಮಿ ಅಳೆಯುವ ಗಳೆಗೆ ಊರಿನ, ದೇವರ, ಅರಸನ ಹೆಸರುಗಳಿರುತ್ತಿದ್ದವು. ಬಳ್ಳಿಗಾವೆಯ ಸುತ್ತಿನ ಶಾಸನಗಳ ಭೇರುಂಡ ಗಳೆ ಇದಕ್ಕೆ ಉದಾಹರಣೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ಹೇರಿನ ಲೆಕ್ಕದಲ್ಲಿ ಸುಂಕ, ದತ್ತಿ ನಿಗದಿ ಮಾಡುತ್ತಿದ್ದವು. ದತ್ತಿ ಯಾವ ಕೊಳಗದಲ್ಲಿ ಸಲ್ಲಬೇಕೆಂಬುದು ದೇವಾಲಯಕ್ಕೂ ಒಕ್ಕಲಿಗನಿಗೂ ಜೀವನದ ಪ್ರಶ್ನೆಯಾಗಿತ್ತು. ಗಳೆಗೋ ಕೊಳಗಕ್ಕೋ ಹೆಸರಿಡುವುದೆಂದರೆ ಯಾವ ಮಾದರಿಗೆ ಹೋಲಿಸಬೇಕೆಂದು ಬರೆದಿಡುವುದು. ವ್ಯಾಪಾರದ ತಕ್ಕಡಿಯ ಬಗ್ಗೆ ಬರೆಯುವವರು ಹಂಪಿಯ ವಿಜಯವಿಠ್ಠಲ ದೇಗುಲದ ಬಳಿಯ ಕಲ್ಲಿನ ರಾಜತುಲೆಯನ್ನೂ ಎಳೆದು ತರುವುದುಂಟು. ಅದು ತುಲಾಪುರುಷ ದಾನಕ್ಕೆ ನಿಲ್ಲಿಸಿದ ಚೌಕಟ್ಟು. ಪೇಟೆಯ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.

1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರೂರಿಗೆ ಬೇರೆಯಾಗುವ ಸೇರು, ಕೊಳಗ, ಖಂಡುಗಗಳನ್ನು ಬರೆದಿಟ್ಟಿದ್ದಾನೆ. ಹಳೆಯ ಮೈಸೂರಿನಲ್ಲಿ ತೂಕದ ಕಚ್ಚಾ ಸೇರಿಗೆ 24 ರೂಪಾಯಿ ತೂಕ. ಬಂಗಾಳದ ಸೇರಿಗೆ 80. ಎರಡು ಕಡೆಯೂ 40 ಸೇರಿಗೆ ಒಂದು ಮಣ. ಆದ್ದರಿಂದ ಒಂದು ಮಣ ಸುಮಾರು 11 ಕಿಲೋ, ಇನ್ನೊಂದು 37 ಕಿಲೋ ದಾಟುತ್ತಿತ್ತು. ಇದರ ಜೊತೆಗೆ ಕಾಳು ಅಳೆಯುವ ಸೇರು ಬೇರೆ. ಒಂದು ಎನ್ನುವ ಬದಲು ಲಾಭ ಎಂದು ಎಣಿಕೆ ಶುರುಮಾಡಿ, ತಲೆ ತುಂಬಿ ಸುರಿದು ಅಳೆಯುತ್ತಿದ್ದರು. ತಲೆ ಒರೆಸಿದ ಸೇರಿಗೂ ತಲೆ ತುಂಬಿದ ಸೇರಿಗೂ ಇರುವ ಅಂತರವನ್ನು ಯಾವ ಮುದ್ರೆಯೂ ಕಾಯಲಾರದು. ಅದು ಅಳೆಯುವವನ ಕೈಯಲ್ಲಿತ್ತು.

ಇಂಥ ಗೊಂದಲದ ನಡುವೆಯೂ ಪರೀಕ್ಷೆಗೆ ಎಲ್ಲರ ಕೈಗೂ ಸಿಗುವ ಮಾದರಿಯೊಂದಿತ್ತು ಎಂಬುದನ್ನು ಮರೆಯಬಾರದು. ಅದು ರೂಪಾಯಿ ನಾಣ್ಯ. 1833ರ ಏಳನೆಯ ರೆಗ್ಯುಲೇಷನ್ ತೊಲೆಯನ್ನು 180 ಗ್ರೇನ್ ಎಂದು ನಿಗದಿ ಮಾಡಿತು. ರೂಪಾಯಿಯ ತೂಕವೂ ಅಷ್ಟೇ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಅಂಗಡಿಯವನ ಕಲ್ಲಿನ ಮೇಲೆ ಅನುಮಾನ ಬಂದ ಗಿರಾಕಿ ತಟ್ಟೆಯಲ್ಲಿ 24 ರೂಪಾಯಿ ಇಟ್ಟು ನೋಡಿದರೆ ಸಾಕಿತ್ತು. ಟಂಕಸಾಲೆ ತಾನು ಬಯಸದೆಯೇ ಹಳ್ಳಿಹಳ್ಳಿಗೆ ಪರೀಕ್ಷಾ ತೂಕಗಳನ್ನು ಹಂಚಿತ್ತು. ಬೆಳ್ಳಿ ಹೋಗಿ 1947ರಲ್ಲಿ ನಿಕ್ಕಲ್ ರೂಪಾಯಿ ಬಂದಾಗಲೂ ತೂಕ ಅಷ್ಟೇ ಉಳಿಯಿತು. 1962ರ ರೂಪಾಯಿ 10 ಗ್ರಾಂ ಆದಾಗ ಆ ನಂಟು ಕಡಿಯಿತು.

ಬ್ರಿಟಿಷ್ ಸರ್ಕಾರದ ಕಾನೂನುಗಳ ಕಥೆ ಮೇಲಿನ ವಾದಕ್ಕೆ ಒಳ್ಳೆಯ ಸಾಕ್ಷಿ. 1871ರ ಕಾಯಿದೆಯು ಸೇರು ಎಂದರೆ ಫ್ರಾನ್ಸಿನ ಕಿಲೋಗ್ರಾಮ್‌ಗೆ ಸಮನಾದ ತೂಕ ಎಂದೇ ವಿಧಿಸಿತ್ತು. ಲಾರ್ಡ್ ಮೇಯೊ ಕಾಲದ ಆ ಕಾಯಿದೆ ಜಾರಿಗೆ ಬಂದಿದ್ದರೆ ನಮ್ಮ ಅಜ್ಜಂದಿರ ಅಜ್ಜಂದಿರು ಕಿಲೋದಲ್ಲಿ ಬೆಲ್ಲ ಕೊಳ್ಳುತ್ತಿದ್ದರು. ಕಾಯಿದೆ ಕಾಗದದಲ್ಲೇ ಉಳಿಯಿತು. ಊರೂರಿಗೆ ಮಾದರಿ ತೂಕ ಕಳಿಸಲು, ಹಳೆಯ ಕಲ್ಲುಗಳನ್ನು ಹಿಂದಕ್ಕೆ ಪಡೆಯಲು, ಹೊಸದನ್ನು ಮುದ್ರೆ ಹಾಕಿ ಕೊಡಲು ಜನವಿರಲಿಲ್ಲ. 1913ರಲ್ಲಿ ಸಿಲ್ಬರಾಡ್ ಅಧ್ಯಕ್ಷತೆಯ ಸಮಿತಿ ಮತ್ತೆ ವಿಚಾರಿಸಿ 180 ಗ್ರೇನ್ ತೊಲೆಯ ಪದ್ಧತಿಗೆ ಮರಳಿತು. 1939ರ ತೂಕದ ಕಾಯಿದೆ 1942ರ ಜುಲೈ 1ರಿಂದ ಜಾರಿಗೆ ಬಂದರೂ ಮಾನವನ್ನು ನಿಗದಿ ಮಾಡುವುದಷ್ಟೇ ಕೇಂದ್ರದ ಪಾಲಿಗಿದ್ದು, ಪರೀಕ್ಷೆಯ ಹೊರೆ ಪ್ರಾಂತಗಳ ಮೇಲೆ ಬಿತ್ತು. ಮೈಸೂರಿನಂಥ ಸಂಸ್ಥಾನಗಳು ಅದರ ಹೊರಗೇ ಇದ್ದವು. ಮುಂಬಯಿ ಪ್ರಾಂತ ಮಾತ್ರ 1932ರಲ್ಲೇ ತನ್ನದೇ ಕಾಯಿದೆ ಮಾಡಿಕೊಂಡಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆ ಪ್ರಾಂತದಲ್ಲಿದ್ದವು.

1956ರ ನವೆಂಬರ್ 1ರಂದು ಏಕೀಕರಣವಾದಾಗ ಹೊಸ ರಾಜ್ಯದ ಪೇಟೆಗಳಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಇವುಗಳ ಅಳತೆಯ ರೂಢಿಗಳೆಲ್ಲ ಒಟ್ಟಿಗೆ ನಿಂತವು. ಅದಾಗಿ ಎರಡೇ ತಿಂಗಳಿಗೆ, ಡಿಸೆಂಬರ್ 28ರಂದು, ಮೆಟ್ರಿಕ್ ಪದ್ಧತಿಯ ತೂಕ ಮತ್ತು ಅಳತೆ ಮಾನಕಗಳ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಬಾರಿ ಸರ್ಕಾರ ತಳದಿಂದ ಕೆಲಸ ಶುರುಮಾಡಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಅಂತರರಾಷ್ಟ್ರೀಯ ಕಿಲೋಗ್ರಾಮ್‌ನ 57ನೇ ಸಂಖ್ಯೆಯ ಪ್ರತಿ ಬಂತು. ಅದರ ಕೆಳಗೆ ನಿರ್ದೇಶ ಮಾನಕಗಳು, ಅವುಗಳ ಕೆಳಗೆ ದ್ವಿತೀಯ ಮಾನಕಗಳು, ಅದಕ್ಕೂ ಕೆಳಗೆ ನಿರೀಕ್ಷಕನ ಪೆಟ್ಟಿಗೆಯ ಕಾರ್ಯನಿರತ ಮಾನಕಗಳು ಎಂಬ ಸರಣಿಯನ್ನು ಕಟ್ಟಿದರು. ಈ ತೂಕಗಳನ್ನು ಮುಂಬಯಿ ಟಂಕಸಾಲೆ ತಯಾರಿಸಿತು. ಮಾನವನ್ನು ಕೇಂದ್ರ ನಿಗದಿ ಮಾಡಿದರೆ, ಜಾರಿಗೆ ಪ್ರತಿ ರಾಜ್ಯವೂ ತನ್ನ ಕಾಯಿದೆ ಮಾಡಿತು. ಮೈಸೂರು ರಾಜ್ಯದ್ದು 1958ರಲ್ಲಿ ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಆಯ್ದ ಪ್ರದೇಶಗಳಲ್ಲಿ ಕಿಲೋ ಬಳಕೆಗೆ ಬಂದು, ಹಳೆಯ ತೂಕಗಳಿಗೆ ಕಾಲಾವಕಾಶ ಕೊಟ್ಟು, 1962ರ ಏಪ್ರಿಲ್ ಹೊತ್ತಿಗೆ ದೇಶದ ತೂಕವೆಲ್ಲ ಮೆಟ್ರಿಕ್ ಆಯಿತು. 80 ತೊಲೆಯ ಸೇರು 933.1 ಗ್ರಾಂ ಎಂಬ ಪರಿವರ್ತನೆಯ ಪಟ್ಟಿಗಳು ಅಂಗಡಿಗಳ ಗೋಡೆಯ ಮೇಲೆ ಬಂದವು. 1871ರಲ್ಲಿ ಸೋತ ಅದೇ ಕಿಲೋ 90 ವರ್ಷದ ಮೇಲೆ ಗೆದ್ದಿತು. ಜನರ ಅಕ್ಷರಜ್ಞಾನ, ಸ್ವಾತಂತ್ರ್ಯದ ಉತ್ಸಾಹ ಇವೂ ಕಾರಣವೇ. ಆದರೆ ಮುದ್ರೆ ಹಾಕುವ ಕೈಗಳು ತಾಲ್ಲೂಕಿನವರೆಗೂ ತಲುಪಿದ್ದು ಇದೇ ಮೊದಲು.

ಆ ಕೈಗಳು ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಚರಿತ್ರೆಕಾರರು ಇದನ್ನು ತೀರ ಕಡೆಗಣಿಸಿದ್ದಾರೆ. ತೂಗುದಂಡಿಯ ತಕ್ಕಡಿಯಲ್ಲಿ ಮೂರು ಉಕ್ಕಿನ ಅಲಗುಗಳಿರುತ್ತವೆ: ನಡುವೆ ಒಂದು, ತುದಿಗಳಲ್ಲಿ ಎರಡು. ಮೂರೂ ಒಂದಕ್ಕೊಂದು ಸಮಾಂತರವಾಗಿ, ಒಂದೇ ಮಟ್ಟದಲ್ಲಿ ಇರಬೇಕು. ನಡುವಿನದರಿಂದ ಎರಡೂ ಕಡೆಯ ದೂರ ಸಮವಿರಬೇಕು. ದಂಡಿಯ ಗುರುತ್ವಕೇಂದ್ರ ನಡುವಿನ ಅಲಗಿಗಿಂತ ತುಸು ಕೆಳಗಿರಬೇಕು. ಹೆಚ್ಚು ಕೆಳಗಿದ್ದರೆ ತಕ್ಕಡಿ ಜಡವಾಗಿ ಸಣ್ಣ ತೂಕಕ್ಕೆ ಮುಳ್ಳು ಅಲುಗುವುದಿಲ್ಲ. ಮೇಲಿದ್ದರೆ ನಿಲ್ಲದೆ ಒಂದು ಕಡೆಗೆ ಬಿದ್ದುಬಿಡುತ್ತದೆ. ಎಡತೋಳು 200 ಮಿಲಿಮೀಟರ್, ಬಲತೋಳು 201 ಮಿಲಿಮೀಟರ್ ಆದರೂ ಸಾಕು, ಕಿಲೋಗೆ 5 ಗ್ರಾಂ ವ್ಯತ್ಯಾಸ ಬರುತ್ತದೆ. ಅದು ಕೌಟಿಲ್ಯ ಕ್ಷಮಿಸಿದ್ದರ ಎರಡರಷ್ಟು. ಖಾಲಿ ತಟ್ಟೆಗಳನ್ನು ಸರಿತೂಗಿಸಿಟ್ಟರೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನಿರೀಕ್ಷಕ ಎರಡೂ ತಟ್ಟೆಗೆ ಪೂರ್ಣ ಭಾರ ಹಾಕಿ, ಮುಳ್ಳು ನೋಡಿ, ಆಮೇಲೆ ಭಾರಗಳನ್ನು ಅದಲುಬದಲು ಮಾಡುತ್ತಾನೆ. ಆಗಲೂ ಮುಳ್ಳು ನಡುವೆ ನಿಂತರೆ ತೋಳುಗಳು ಸಮ. ಆಮೇಲೆ ಚಿಕ್ಕ ತೂಕವೊಂದನ್ನು ಸೇರಿಸಿ ಸೂಕ್ಷ್ಮತೆ ನೋಡುತ್ತಾನೆ. ತಕ್ಕಡಿಗಳನ್ನು ಎ, ಬಿ, ಸಿ, ಡಿ ಎಂದು ವರ್ಗ ಮಾಡಿದ್ದರಿಂದ ಚಿನ್ನದ ಅಂಗಡಿಯಲ್ಲಿ ಫೇಲಾಗುವ ತಕ್ಕಡಿ ಕಿರಾಣಿಗೆ ಪಾಸಾಗಬಹುದಿತ್ತು.

ಕಟ್ಟೆಯ ಮೇಲೆ ಕೂರುವ, ತಟ್ಟೆ ಮೇಲಿರುವ ಕೌಂಟರ್ ತಕ್ಕಡಿಯ ಮೂಲ ತತ್ವವನ್ನು 1669ರಲ್ಲಿ ಫ್ರಾನ್ಸಿನ ರೊಬೆರ್ವಾಲ್ ತೋರಿಸಿದ. ಸಮಾಂತರ ಚತುರ್ಭುಜದ ಕೀಲುಗಳು ಸರಿಯಿದ್ದರೆ ಭಾರವನ್ನು ತಟ್ಟೆಯ ಯಾವ ಮೂಲೆಯಲ್ಲಿಟ್ಟರೂ ತೂಕ ಒಂದೇ. ಕೀಲು ಸವೆದರೆ ಹಾಗಿರುವುದಿಲ್ಲ. ಮುಂದಿಟ್ಟರೆ ಒಂದು, ಹಿಂದಿಟ್ಟರೆ ಇನ್ನೊಂದು. ಕಾಯಂ ಗಿರಾಕಿಗೆ ಒಂದು ಕಡೆ, ಪರಊರಿನವನಿಗೆ ಇನ್ನೊಂದು ಕಡೆ ಇಟ್ಟು ತೂಗುವವರಿಗೆ ಅದೇ ಸಾಕಿತ್ತು. ಆದ್ದರಿಂದ ತಟ್ಟೆಯ ಅಂಚುಗಳಿಗೆ ಭಾರ ಸರಿಸಿ ನೋಡುವುದು ಪರೀಕ್ಷೆಯ ಮುಖ್ಯ ಭಾಗವಾಯಿತು. ಮಂಡಿಗಳಲ್ಲಿ ಮೂಟೆ ತೂಗುವ ಪ್ಲಾಟ್‌ಫಾರಂ ತ್ರಾಸಿನದು ಇನ್ನೊಂದು ಕಥೆ. ಹಲಗೆಯ ಕೆಳಗಿನ ಸನ್ನೆಗಳು ದೊಡ್ಡ ಭಾರವನ್ನು ಚಿಕ್ಕ ತೂಕಕ್ಕೆ ಸರಿದೂಗಿಸುತ್ತವೆ. ನೆಲ ಸಮತಟ್ಟಿಲ್ಲದಿದ್ದರೆ, ಕಾಲೊಂದು ಕುಸಿದಿದ್ದರೆ, ಸನ್ನೆಯ ಸಂದಿಯಲ್ಲಿ ಹತ್ತಿಯೋ ಮಣ್ಣೋ ಸಿಕ್ಕಿಕೊಂಡಿದ್ದರೆ ಹೊಸ ಯಂತ್ರವೂ ತಪ್ಪು ಹೇಳುತ್ತದೆ. ಸ್ಥಾಪನೆಯೇ ಅರ್ಧ ಪರೀಕ್ಷೆ ಎಂದು ಕಸುಬಿನವರು ಹೇಳುವುದು ಇದಕ್ಕೇ.

ದುರಸ್ತಿಗಾರನಿಗೆ ಕಾನೂನು ಕೊಟ್ಟ ಸ್ಥಾನ ಕುತೂಹಲದ್ದು. ಅವನಿಗೆ ಪರವಾನಗಿ ಬೇಕು. ತನ್ನದೇ ಪರೀಕ್ಷಾ ತೂಕಗಳನ್ನು ಇಟ್ಟುಕೊಂಡಿರಬೇಕು. ಕೆಟ್ಟ ಸಾಧನವನ್ನು ಬಿಚ್ಚುವ ಮುನ್ನ ಹಳೆಯ ಮುದ್ರೆಯನ್ನು ಅಳಿಸಬೇಕು. ಅಲಗನ್ನು ಸಾಣೆ ಹಿಡಿದು, ತೋಳನ್ನು ಸರಿಮಾಡಿ, ಸೀಸ ತುಂಬಿ ಮುಗಿಸಿದರೂ ಸಾಧನವನ್ನು ನೇರವಾಗಿ ವ್ಯಾಪಾರಿಯ ಕೈಗೆ ಕೊಡುವಂತಿಲ್ಲ. ನಿರೀಕ್ಷಕ ಪರೀಕ್ಷಿಸಿ ಮುದ್ರೆ ಹಾಕಬೇಕು. ಮುದ್ರೆಯಲ್ಲಿ ವರ್ಷದ ಕೊನೆಯ ಎರಡು ಅಂಕಿಗಳೂ ತ್ರೈಮಾಸಿಕವನ್ನು ಸೂಚಿಸುವ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದೂ ಇರುತ್ತವೆ. ಸರಿಪಡಿಸುವವನು ಒಬ್ಬ, ಸರಿಯಿದೆ ಎನ್ನುವವನು ಇನ್ನೊಬ್ಬ: ಈ ವಿಭಜನೆ 1958ರ ನಂತರದ ವ್ಯವಸ್ಥೆಯ ಬೆನ್ನೆಲುಬು. ಸಂತೆಯ ಊರುಗಳಲ್ಲಿ ಮುದ್ರೆಯ ಕ್ಯಾಂಪ್ ಹಾಕಿದಾಗ ನಿರೀಕ್ಷಕನ ಮೇಜಿನ ಆಚೆಗೆ ದುರಸ್ತಿಗಾರ ತನ್ನ ಅರ, ಸುತ್ತಿಗೆ, ಸೀಸದ ಚೂರುಗಳೊಂದಿಗೆ ಕೂರುತ್ತಿದ್ದ. ಫೇಲಾದ ಕಲ್ಲು ಅವನ ಬಳಿಗೆ ಹೋಗಿ, ಅರ್ಧ ಗಂಟೆಯಲ್ಲಿ ಮತ್ತೆ ಮೇಜಿಗೆ ಬರುತ್ತಿತ್ತು. ಗುಜರಾತಿನ ಸಾವರ್‌ಕುಂಡಲಾ ತಕ್ಕಡಿ ತಯಾರಿಕೆಗೆ ಹೆಸರಾದ ಹಾಗೆ ನಮ್ಮ ಯಾವ ಊರೂ ಆಗಲಿಲ್ಲ, ಆದರೆ ಮಂಡಿಯಿರುವ ಪ್ರತಿ ಊರಿಗೂ ರಿಪೇರಿಯವರು ಬೇಕೇ ಬೇಕಿದ್ದರು. ಇವರ ಕಸುಬನ್ನು ಬಡಗಿ, ಕಮ್ಮಾರರ ಕಸುಬಿನಷ್ಟೇ ಗಂಭೀರವಾಗಿ ದಾಖಲಿಸಬೇಕಾದದ್ದು ನಮ್ಮ ಚರಿತ್ರೆಕಾರರ ಕರ್ತವ್ಯ.

1976ರಲ್ಲಿ ಹೊಸ ಮಾನಕ ಕಾಯಿದೆ, 1977ರಲ್ಲಿ ಪೊಟ್ಟಣದ ಸರಕುಗಳ ನಿಯಮ, 1985ರಲ್ಲಿ ಜಾರಿ ಕಾಯಿದೆ ಬಂದವು. ಇವನ್ನೆಲ್ಲ ಒಂದುಗೂಡಿಸಿದ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ 2011ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಅದರ ನಿಯಮಗಳ ಪ್ರಕಾರ ಕಬ್ಬಿಣದ ತೂಕ, ದಂಡಿ ತಕ್ಕಡಿ, ಕೌಂಟರ್ ತಕ್ಕಡಿಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ. ಎಲೆಕ್ಟ್ರಾನಿಕ್‌ಗೆ ಅವಧಿ ಕಡಿಮೆ ಇಟ್ಟದ್ದು ಸರಿಯಾಗಿಯೇ ಇದೆ. ದಂಡಿ ತಕ್ಕಡಿಯಲ್ಲಿ ಭೂಮಿಯ ಸೆಳೆತ ಎರಡೂ ತಟ್ಟೆಗೆ ಸಮನಾಗಿ ಬೀಳುವುದರಿಂದ ಅದನ್ನು ಎಲ್ಲಿಗೆ ಒಯ್ದರೂ ಫಲಿತಾಂಶ ಒಂದೇ. ಎಲೆಕ್ಟ್ರಾನಿಕ್ ತಕ್ಕಡಿಯೊಳಗಿನ ಲೋಡ್ ಸೆಲ್ ಅಳೆಯುವುದು ಸೆಳೆತವನ್ನೇ. ಸಮಭಾಜಕಕ್ಕೆ ಹತ್ತಿರವಿರುವ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗುರುತ್ವ ದೆಹಲಿಗಿಂತ ತುಸು ಕಡಿಮೆ; ಅಲ್ಲಿ ಹೊಂದಿಸಿದ ಯಂತ್ರವನ್ನು ಹಾಗೆಯೇ ತಂದು ಇಲ್ಲಿಟ್ಟರೆ ಒಂದು ಕಿಲೋಗೆ ಸುಮಾರು 1 ಗ್ರಾಂ ಕಡಿಮೆ ತೋರಿಸುತ್ತದೆ. ಆದ್ದರಿಂದ ಬಳಸುವ ಜಾಗದಲ್ಲೇ ಪರೀಕ್ಷಾ ತೂಕ ಇಟ್ಟು ಹೊಂದಿಸಬೇಕು. ಆ ಹೊಂದಾಣಿಕೆಯ ಗುಂಡಿಗೆ ಯಾರ ಕೈಯೂ ತಾಗದಂತೆ ತಂತಿ ಕಟ್ಟಿ ಅದರ ಸೀಸಕ್ಕೆ ಮುದ್ರೆ ಒತ್ತುತ್ತಾರೆ.

2019ರ ಮೇ 20ರಿಂದ ಕಿಲೋಗ್ರಾಮ್‌ನ ವ್ಯಾಖ್ಯೆ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಹೋಯಿತು. ಸಿರಸಿಯ ಅಡಿಕೆ ಮಂಡಿಯ ತೂಕದಲ್ಲಿ ಇದರಿಂದ ಒಂದು ಕೂದಲೆಳೆಯ ವ್ಯತ್ಯಾಸವೂ ಆಗಲಿಲ್ಲ, ಏಕೆಂದರೆ ದೆಹಲಿಯಿಂದ ಬೆಂಗಳೂರಿನ ಪ್ರಾದೇಶಿಕ ನಿರ್ದೇಶ ಮಾನಕ ಪ್ರಯೋಗಾಲಯಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ನಿರೀಕ್ಷಕನ ಪೆಟ್ಟಿಗೆಗೆ ಇಳಿಯುವ ಹೋಲಿಕೆಯ ಸರಣಿ ಹಾಗೆಯೇ ಉಳಿದಿದೆ. ಬದಲಾಗಿರುವುದು ಸರಣಿಯ ಕೊನೆಯ ಕೊಂಡಿ. ಅಲಗು ಸಾಣೆ ಹಿಡಿಯುತ್ತಿದ್ದವರ ಮಕ್ಕಳು ಈಗ ಲೋಡ್ ಸೆಲ್, ಬ್ಯಾಟರಿ, ಡಿಸ್‌ಪ್ಲೇ ಬದಲಿಸುತ್ತಿದ್ದಾರೆ. ಸವೆತವನ್ನು ಕಣ್ಣಿನಿಂದ, ಬೆರಳಿನಿಂದ ಕಂಡುಹಿಡಿಯುವ ಕೆಲಸ ಸರ್ಕ್ಯೂಟ್ ಬೋರ್ಡಿನಲ್ಲಿ ಸಾಗುವುದಿಲ್ಲ. ಅಲ್ಲಿ ದೋಷ ತಿಳಿಯಲು ಇರುವ ದಾರಿ ಪರೀಕ್ಷಾ ತೂಕವೊಂದೇ. ಹಾಗಾಗಿ ಪರವಾನಗಿ ಕೊಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ದುರಸ್ತಿಗಾರನ ಬಳಿ ಸರಿಯಾದ, ಈ ವರ್ಷದ ಮುದ್ರೆಯಿರುವ ತೂಕಗಳ ಸೆಟ್ ಇದೆಯೇ ಎಂಬುದು. ಎರಡನೆಯದು, ಯಂತ್ರದ ಪೂರ್ಣ ಭಾರದವರೆಗೆ ಪರೀಕ್ಷಿಸುವಷ್ಟು ತೂಕಗಳು ಆ ಸೆಟ್ಟಿನಲ್ಲಿವೆಯೇ ಎಂಬುದು.